ಹೆಸರು: ಗೊತ್ತಿಲ್ಲ

"ನಮ್ಮಮ್ಮನ ಕಾಲು ಇಲ್ಲಿಗೆ ಬಂದಿದೆಯಾ?"

ಕಿಟಕಿಯ ಆಚೆ ಏದುಸಿರು ಬಿಡುತ್ತಾ ನಿಂತವನು ಕೇಳಿದ ಮೊದಲ ಮಾತೇ ಅದು!

ಅವಳು ತಲೆ ಎತ್ತಿದಳು. ಬಸ್ ನಿಲ್ದಾಣದ ಹಿಂಬದಿಯ ಆ ಕೋಣೆಯಲ್ಲಿ, ಅಂದರೆ ಕಳೆದುಹೋದ ವಸ್ತುಗಳನ್ನು ಇಡುವ ಕೋಣೆಯಲ್ಲಿ, ಅವಳಿಗದು ನಾಲ್ಕನೇ ವರ್ಷ. ಕೊಡೆ ಕೇಳಿ ಬಂದವರನ್ನು ನೋಡಿದ್ದಳು, ಕಟ್ಟಿಸಿಕೊಂಡ ಹಲ್ಲು ಕೇಳಿ ಬಂದವರನ್ನೂ ನೋಡಿದ್ದಳು. ಅಮ್ಮನ ಕಾಲು ಕೇಳಿಕೊಂಡು ಬಂದವನು ಮಾತ್ರ ಇವನೇ ಮೊದಲಿಗ.

"ಎಡಗಾಲಾ, ಬಲಗಾಲಾ?" ಪೆನ್ನು ತೆಗೆದುಕೊಂಡು ಕೇಳಿದಳು.

ತಮಾಷೆಗೆ ಕೇಳಿದ್ದಲ್ಲ! ತಮಾಷೆ ಮಾಡುವುದು ಅವಳಿಗೆ ಬರುತ್ತಲೇ ಇರಲಿಲ್ಲ.

"ಎಡಗಾಲು... ಮರದ್ದು. ನಿನ್ನೆ ಸಂಜೆ ಬಸ್ಸಲ್ಲಿ ಸೀಟಿನ ಕೆಳಗೆ ಬಿಟ್ಟುಬಿಟ್ಟೆ. ದಯವಿಟ್ಟು ನೋಡಿ ಮೇಡಂ..."

ಅವಳು ಒಳಗೆ ಹೋಗಿ, ಮೂರನೇ ಕಪಾಟಿನಿಂದ ಒಂದು ಮರದ ಪಾದವನ್ನು ತಂದು ಅವನ ಮುಂದಿಟ್ಟಳು. ಅದಕ್ಕೊಂದು ಚೀಟಿ ಕಟ್ಟಿತ್ತು. ಅವನು ಓದಿದ.

*ಹೆಸರು: ಗೊತ್ತಿಲ್ಲ. ಸಿಕ್ಕ ಜಾಗ: ಹಿಂದಿನಿಂದ ಮೂರನೇ ಸೀಟಿನ ಕೆಳಗೆ. ಹೊತ್ತು: ಸಂಜೆ ಆರೂ ಹತ್ತು. ಗುರುತು: ಮರದ ಪಾದ, ಎಡ. ಹೆಬ್ಬೆರಳಿನ ಬುಡದಲ್ಲಿ ಚರ್ಮದ ತುಂಡು ಅಂಟಿಸಿ ಉಬ್ಬು ಮಾಡಿದ್ದಾರೆ. ಮೇಣದ ವಾಸನೆ. ಯಾರೋ ತುಂಬಾ ವರ್ಷ ಕೈಯಲ್ಲಿ ಹಿಡಿದು ಹಿಮ್ಮಡಿ ನುಣುಪಾಗಿದೆ.*

ಅವನ ಕಣ್ಣು ತುಂಬಿ ಬಂತು.

"ಇದು ಬೂಟು ಹೊಲಿಯೋ ಅಚ್ಚು ಮೇಡಂ. ಇದರ ಮೇಲೆ ಚರ್ಮ ಎಳೆದು ಬೂಟು ಮಾಡೋದು. ನಮ್ಮಪ್ಪ ಅಮ್ಮನಿಗೋಸ್ಕರ ಕೆತ್ತಿದ್ದು. ಅಮ್ಮನಿಗೆ ಹೆಬ್ಬೆರಳಿನ ಹತ್ರ ಗಂಟಿತ್ತು, ಅದಕ್ಕೇ ಆ ಉಬ್ಬು... ಈಗ ಇಬ್ಬರೂ ಇಲ್ಲ. ಆ ಉಬ್ಬನ್ನ ಇಷ್ಟು ಸರಿಯಾಗಿ ಬೇರೆ ಯಾರೂ ನೋಡಿರಲಿಲ್ಲ."

"ನೋಡೋದೇ ನನ್ನ ಕೆಲಸ. ಇಲ್ಲಿ ಸಹಿ ಹಾಕಿ. ವಾರಸುದಾರರು ಅಂತ ಇದೆಯಲ್ಲ, ಅದರ ಮುಂದೆ."

ಸಹಿ ಹಾಕಿ, ಅಚ್ಚನ್ನು ಎದೆಗವಚಿಕೊಂಡು ಹೊರಟವನು ಬಾಗಿಲ ಬಳಿ ಗಕ್ಕನೆ ನಿಂತ. ಅವಳು ಕೊಡೆಗಳ ರಾಶಿಯತ್ತ ನಡೆಯುತ್ತಿದ್ದಳು.

"ಮೇಡಂ! ನಿಮ್ಮ ಹಿಮ್ಮಡಿ... ರಕ್ತ!"

ಅವಳು ಬಗ್ಗಿ ನೋಡಿಕೊಂಡಳು. ಹೌದು, ಬೂಟಿನ ಅಂಚೆಲ್ಲ ಕೆಂಪಾಗಿತ್ತು.

"ನೋಯ್ತಾ ಇಲ್ವಾ?"

"ಗೊತ್ತಿಲ್ಲ."

ಇಂಥ ಉತ್ತರ ಕೇಳಿದರೆ ಜನ ನಗುತ್ತಿದ್ದರು, ಇಲ್ಲವೇ ಬೈಯುತ್ತಿದ್ದರು. ಇವನು ಎರಡನ್ನೂ ಮಾಡಲಿಲ್ಲ. ಒಳಗೆ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕಾಲು ಮುಟ್ಟದೆ, ತನ್ನ ಬೂಟಿನ ಅಂಗಡಿಯಲ್ಲಿ ದಿನವೂ ಗಿರಾಕಿಗಳನ್ನು ಕೇಳುವ ಹಾಗೆ ಕೇಳಿದ.

"ಎಲ್ಲಿ ಒತ್ತುತ್ತೆ?"

*ಎಲ್ಲಿ...? ಎಲ್ಲಿ ಅಂತ ಕೇಳಿದರೆ ಹೇಳಬಹುದು!*

"ಹಿಮ್ಮಡಿಯ ಹೊರಗಡೆ. ಒಂದು ಅಂಗಿ ಗುಂಡಿಯಷ್ಟು ಜಾಗ. ಎಡಗಾಲಿಗೆ ಜಾಸ್ತಿ."

"ಅಷ್ಟು ಸಾಕು. ನಾಳೆ ಅಳತೆಪಟ್ಟಿ ತರ್ತೀನಿ" ಎಂದು ಅವನು ಎದ್ದು ಹೋದ.

ಆ ಕೋಣೆ ಈಗಿಲ್ಲ. ನಿಲ್ದಾಣವನ್ನು ಹೊಸದಾಗಿ ಕಟ್ಟುವಾಗ ಒಡೆದು ಹಾಕಿದರು. ಕಿರ್ ಎನ್ನುತ್ತಿದ್ದ ಬಾಗಿಲು, ಒಂಟಿ ಕೈಗವಸುಗಳ ಡಬ್ಬ, ದಾರ ಪೋಣಿಸಿದ ಚೀಟಿಗಳ ಕಟ್ಟು, ಯಾವುದೂ ಇಲ್ಲ. ಆದರೂ ಅಲ್ಲಿ ಕೆಲಸ ಮಾಡಿದವರನ್ನು ಮಾತಿಗೆಳೆದು ನೋಡಿ, ಅಮ್ಮನ ಕಾಲಿನ ಕಥೆಯಿಂದಲೇ ಶುರು ಮಾಡುತ್ತಾರೆ!

ಅವಳ ಕಥೆ ಮಾತ್ರ ಅದಕ್ಕಿಂತ ಹಿಂದಿನದು.

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಅಕ್ಕ ಮದುವೆಯಾಗಿ ದೂರದೂರಿಗೆ ಹೋದಳು. ಅಂದು ಸಂಜೆ ಅಕ್ಕನ ಖಾಲಿ ಮಂಚ ನೋಡಿ, ಅವಳು ಅಡುಗೆಮನೆಗೆ ಬಂದು ಹೇಳಿದ್ದಳು, "ಅಮ್ಮಾ, ಸಂಕಟ ಆಗ್ತಿದೆ."

ಅಮ್ಮ ಒಂದು ಚಮಚ ಹೊಟ್ಟೆ ಔಷಧಿ ಕುಡಿಸಿದರು. ಕಹಿಯಾಗಿತ್ತು.

ಅಮ್ಮನದೇನು ತಪ್ಪು ಹೇಳಿ? ನಮ್ಮ ಭಾಷೆಯಲ್ಲಿ ಹೊಟ್ಟೆ ಕೆಟ್ಟರೂ ಸಂಕಟ, ಮನಸ್ಸು ನೊಂದರೂ ಸಂಕಟ. ನಾವೆಲ್ಲ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಆ ಮಗುವಿಗೆ ಮಾತ್ರ ಎರಡನ್ನೂ ಬೇರೆ ಮಾಡಲು ಬರಲಿಲ್ಲ. ಸಂಕಟ ಅಂದರೆ ಹೊಟ್ಟೆ ಎಂದುಕೊಂಡಳು. ಹೊಟ್ಟೆಗೆ ಏನೂ ಹಾಕದಿದ್ದರೆ ಸಂಕಟವೂ ಇರುವುದಿಲ್ಲ ಎಂದುಕೊಂಡಳು. ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ವರ್ಷ ಕಳೆದಂತೆ ಅದು ಹೆಚ್ಚಾಯಿತು.

ಹತ್ತೊಂಬತ್ತಕ್ಕೆ ಆಸ್ಪತ್ರೆಯ ಹಾಸಿಗೆ! ಅಲ್ಲಿದ್ದ ಡಾಕ್ಟರಮ್ಮ ತಿಂಗಳುಗಟ್ಟಲೆ ಅವಳ ಜೊತೆ ಮಾತಾಡಿ, ಕೊನೆಗೆ ಅಮ್ಮನನ್ನು ಕೂರಿಸಿಕೊಂಡು ಹೇಳಿದರು.

"ನಿಮ್ಮ ಮಗಳದ್ದು ಹಟ ಅಲ್ಲಮ್ಮ. ಇವಳಿಗೆ ಆಟಿಸಂ ಇದೆ, ಚಿಕ್ಕಂದಿನಿಂದಲೂ ಇದೆ, ಯಾರೂ ಗುರುತಿಸಿಲ್ಲ ಅಷ್ಟೇ. ಒಳಗೆ ಆಗೋದೆಲ್ಲ ಇವಳಿಗೂ ಆಗುತ್ತೆ. ಆದರೆ ಅದು ಹಸಿವಾ, ಭಯಾನಾ, ದುಃಖಾನಾ ಅಂತ ಹೆಸರು ಸಿಗಲ್ಲ. ಊಟ ಬಿಟ್ಟವರಲ್ಲೂ ಇದನ್ನ ತುಂಬಾ ನೋಡ್ತೀವಿ. ಇವಳಲ್ಲಿ ಎರಡೂ ಸೇರಿಕೊಂಡಿದೆ."

ಅಮ್ಮ ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಆ ಒಂದು ಚಮಚ ಔಷಧಿಯನ್ನು ನೆನೆಸಿಕೊಂಡು ಬಿಕ್ಕಿ ಬಿಕ್ಕಿ ಅತ್ತಿದ್ದರು.

ಅಂದಿನಿಂದ ಅವಳದು ಗಡಿಯಾರದ ಊಟ. ಒಂದು ಗಂಟೆ ಹೊಡೆದರೆ ಡಬ್ಬಿ ತೆರೆಯಬೇಕು, ಹಸಿವಾಗಲಿ ಬಿಡಲಿ. ಡಬ್ಬಿ ಖಾಲಿಯಾಗುವವರೆಗೂ ಬೀಗದಜ್ಜ ಎದುರಿಗೇ ಕೂತಿರುತ್ತಿದ್ದರು. ಬೀಗದಜ್ಜ ಅಂದರೆ ಆ ಕೋಣೆಯ ಹಿರಿಯ ಗುಮಾಸ್ತರು. ಸೊಂಟದಲ್ಲಿ ಇಪ್ಪತ್ತು ಬೀಗದ ಕೈ, ಬಾಯಲ್ಲಿ ಇನ್ನೂರು ಕೀಟಲೆ.

ಅಮ್ಮನ ಕಾಲು ಸಿಕ್ಕ ಮರುದಿನ ನಾಲ್ಕೂ ಕಾಲಿಗೆ ಬಾಗಿಲು ಕಿರ್ ಎಂದಿತು. ಬೂಟಿನವನು! ಅಳತೆಪಟ್ಟಿ ತಂದಿದ್ದ. ಕಾಗದದ ಮೇಲೆ ಅವಳ ಪಾದವಿರಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದ.

ಅದರ ಮರುದಿನವೂ ನಾಲ್ಕೂ ಕಾಲಿಗೇ ಬಂದ. "ಅಂಟು ಒಣಗೋಕೆ ಇಟ್ಟು ಬಂದಿದ್ದೀನಿ. ಇಪ್ಪತ್ತು ನಿಮಿಷ ಪುರುಸೊತ್ತು."

ಅದರ ಮರುದಿನವೂ ಅಂಟು ಒಣಗಬೇಕಿತ್ತು. ಹೀಗೆ ಎರಡು ತಿಂಗಳು!

"ಮಗಳೇ, ಈ ಹುಡುಗನ ಅಂಟು ಒಣಗೋ ಜಾತಿದಲ್ಲ" ಎಂದರು ಬೀಗದಜ್ಜ.

"ಬೇರೆ ಡಬ್ಬ ತಗೊಳ್ಳಿ ಅಂತ ಅವರಿಗೆ ಹೇಳ್ಲಾ?" ಅವಳು ಗಂಭೀರವಾಗಿ ಕೇಳಿದಳು. ಅಜ್ಜ ನಕ್ಕೂ ನಕ್ಕೂ ಕೆಮ್ಮಿದರು.

ಆ ಇಪ್ಪತ್ತು ನಿಮಿಷಗಳಲ್ಲಿ ಏನೇನು ಮಾತಾಡಿದರು! ಒಂಟಿ ಕೈಗವಸುಗಳಲ್ಲಿ ಎಡಗೈಯವೇ ಯಾಕೆ ಜಾಸ್ತಿ ಎಂದು ವಾದ ಮಾಡಿದರು. ತನ್ನಮ್ಮ ಅಡುಗೆ ಮಾಡುತ್ತಾ ಬೂಟು ಹಾಕಿಕೊಂಡೇ ಕುಣಿಯುತ್ತಿದ್ದದ್ದನ್ನು ಅವನು ಹೇಳಿದ. ತನಗೆ ಹಸಿವು ಗೊತ್ತಾಗುವುದಿಲ್ಲ, ಗಡಿಯಾರ ನೋಡಿ ಉಣ್ಣುತ್ತೇನೆ ಎಂದು ಅವಳು ಹೇಳಿದಳು. ಅವನು ಯಾಕೆ ಅಂತ ಕೇಳಲಿಲ್ಲ. ಮರುದಿನದಿಂದ ಬಂದ ಕೂಡಲೇ "ಒಂದು ಗಂಟೆ ಹೊಡೀತಾ?" ಎಂದು ಕೇಳತೊಡಗಿದ, ಅಷ್ಟೇ. ಅವಳನ್ನು "ಚೀಟಿ ಮೇಡಂ" ಎನ್ನುತ್ತಿದ್ದವನು ಯಾವಾಗಲೋ ಬರೀ "ಚೀಟಿ" ಎನ್ನತೊಡಗಿದ್ದ. ಅವಳಿಗೆ ಅದು ಬೇಡ ಅನಿಸಲಿಲ್ಲ.

ನಾಲ್ಕು ಗಂಟೆಯಾಗುತ್ತಿದ್ದಂತೆ ಪಕ್ಕೆಲುಬಿನ ಕೆಳಗೆ ಏನೋ ಹಗುರವಾಗಿ ಮಿಸುಕುತ್ತಿತ್ತು. *ಮಧ್ಯಾಹ್ನದ ಅನ್ನ ಸರಿಯಾಗಿ ಬೆಂದಿರಲಿಲ್ಲವೇನೋ...* ಎಂದುಕೊಳ್ಳುತ್ತಿದ್ದಳು ಪಾಪ!

ಒಂದು ಶನಿವಾರ ಅವನ ಅಂಗಡಿಯಲ್ಲಿ ಬೂಟು ಸಿದ್ಧವಾಯಿತು. ನಿಲ್ದಾಣದಿಂದ ಮೂರನೇ ತಿರುವಿನಲ್ಲಿ, ಮೆಟ್ಟಿಲ ಕೆಳಗಿನ ಪುಟ್ಟ ಅಂಗಡಿ ಅದು. ಗೋಡೆಯ ತುಂಬಾ ಮರದ ಅಚ್ಚುಗಳು. ಅಮ್ಮನ ಕಾಲಿನ ಪಕ್ಕದಲ್ಲೇ ಹೊಸದೊಂದು ಜೊತೆ.

"ಅದು ಯಾರದ್ದು?"

"ನಿಮ್ಮದೇ. ಒಂದು ಜೊತೆ ಬೂಟಿಗೆ ಯಾರೂ ಅಚ್ಚು ಕೆತ್ತಲ್ಲ. ಜೀವನ ಪೂರ್ತಿ ಬೂಟು ಮಾಡಿಕೊಡೋರಿಗೆ ಮಾತ್ರ ಕೆತ್ತೋದು." ಅವನು ಅವಳ ಕಡೆ ತಿರುಗಿದ. "ಚೀಟಿ... ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನ ಬಗ್ಗೆ ನಿಮಗೇನು ಅನಿಸುತ್ತೆ?"

ಏನು ಅನಿಸುತ್ತೆ...!

ಕಿವಿ ಬಿಸಿಯಾಯಿತು. ಮೊಣಕಾಲು ಸಡಿಲವಾಯಿತು. ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಜ್ವರದಲ್ಲೂ ಹೀಗಾಗಿತ್ತು. ಪರೀಕ್ಷೆಯ ದಿನವೂ ಹೀಗಾಗಿತ್ತು. ಆಸ್ಪತ್ರೆಗೆ ಸೇರಿಸಿದ ದಿನವೂ! ಇದು ಯಾವುದು?

*ಸುಳ್ಳು ಹೇಳಬಾರದು. ಇವರಿಗಂತೂ ಹೇಳಲೇಬಾರದು.*

"ಗೊತ್ತಿಲ್ಲ" ಎಂದಳು.

ಅವನ ಮುಖ ಸಪ್ಪಗಾಯಿತು. ಯಾರಾದರೂ ಆ ಪ್ರಶ್ನೆಗೆ "ಗೊತ್ತಿಲ್ಲ" ಅಂದರೆ ಏನರ್ಥ? ಇಲ್ಲ ಎನ್ನಲು ಬಾಯಿ ಬರದೆ ಮರ್ಯಾದೆಗೆ ಹೇಳುವ ಮಾತು ತಾನೇ? ಅವನು ಹಾಗೇ ತಿಳಿದ. ಬೂಟನ್ನು ಡಬ್ಬದಲ್ಲಿಟ್ಟು ಅವಳ ಕೈಗೆ ಕೊಟ್ಟ.

"ಪರವಾಗಿಲ್ಲ ಮೇಡಂ. ಕೇಳಬಾರದಿತ್ತು. ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ."

"ಹೊಟ್ಟೆಗೆ ಬೇಡ. ಅಲ್ಲಿ ಈಗಾಗಲೇ ಏನೋ ಇದೆ" ಎಂದಳು ಅವಳು, ಇದ್ದದ್ದನ್ನು ಇದ್ದ ಹಾಗೆ.

ಅವನಿಗೆ ಅದು ಚುಚ್ಚಿದಂತಾಯಿತು. ಅಯ್ಯೋ, ಒಂದೇ ಒಂದು ಸಲ "ಎಲ್ಲಿ" ಎಂದು ಕೇಳಿದ್ದರೆ! ಕೇಳಲಿಲ್ಲ.

ಸೋಮವಾರ ನಾಲ್ಕೂ ಕಾಲಿಗೆ ಬಾಗಿಲು ಕಿರ್ ಎನ್ನಲಿಲ್ಲ. ಮಂಗಳವಾರವೂ ಇಲ್ಲ.

ಒಂದು ಗಂಟೆ ಹೊಡೆದಾಗ ಅವಳು ಡಬ್ಬಿ ತೆರೆಯುತ್ತಿದ್ದಳು. ಹೊಟ್ಟೆಯಲ್ಲಿ ಕಲ್ಲಿಟ್ಟಂತೆ ಭಾರ. *ತುಂಬಿದೆ. ತುಂಬಿದ ಹೊಟ್ಟೆಗೆ ಯಾಕೆ ಹಾಕಬೇಕು?* ಮುಚ್ಚಿಡುತ್ತಿದ್ದಳು. ಆ ವಾರ ಬೀಗದಜ್ಜ ರಜೆಯ ಮೇಲಿದ್ದರು, ಎದುರಿಗೆ ಕೂರುವವರೇ ಇರಲಿಲ್ಲ.

ಒಂಬತ್ತನೇ ದಿನ ಸಂಜೆ ಅಮ್ಮ ಡಬ್ಬಿ ತೊಳೆಯಲು ತೆಗೆದರು. ಅಂದೂ ಅದು ಪೂರ್ತಿ ಹಾಗೇ ಇತ್ತು. ಇಷ್ಟು ದಿನ ಅವಳೇ ತೊಳೆದಿಡುತ್ತಿದ್ದದ್ದು ಯಾಕೆಂದು ಅಮ್ಮನಿಗೆ ಈಗ ಹೊಳೆಯಿತು.

"ಏನೇ ಇದು...? ಮತ್ತೆ ಶುರುವಾಯ್ತಾ?"

"ಹೊಟ್ಟೆ ತುಂಬಿದೆ ಅಮ್ಮ."

ಅಮ್ಮನ ಕೈಯಿಂದ ಮುಚ್ಚಳ ಜಾರಿ ಬಿತ್ತು. ಆಸ್ಪತ್ರೆಯ ಉದ್ದನೆಯ ಕಾರಿಡಾರು, ಮಗಳ ಕಡ್ಡಿಯಂಥ ಕೈ, ಎಲ್ಲ ಕಣ್ಣ ಮುಂದೆ ಬಂದವು. ಆದರೆ ಅವರು ಕೂಗಾಡಲಿಲ್ಲ. ಪಕ್ಕದಲ್ಲಿ ಬಂದು ಕೂತರು.

"ಏನಾಗ್ತಿದೆ ಹೇಳೇ, ಕಂದಾ."

"ಸಂಕಟ."

ಹತ್ತಾರು ವರ್ಷಗಳ ಹಿಂದೆ ಕೇಳಬೇಕಾಗಿದ್ದದ್ದನ್ನು ಅಮ್ಮ ಅಂದು ಕೇಳಿದರು. "ಯಾವ ಸಂಕಟ? ಹೊಟ್ಟೆದಾ, ಮನಸ್ಸಿಂದಾ?"

ಅವಳು ಬಿದ್ದ ಮುಚ್ಚಳವನ್ನು ಎತ್ತಿಕೊಂಡಳು.

"ಎರಡಕ್ಕೂ ಒಂದೇ ಹೆಸರಿಟ್ಟೋರು ಯಾರಮ್ಮ?"

ಅಮ್ಮ ಅಳುತ್ತಲೇ ನಕ್ಕರು. ಮಗಳ ತಲೆಯನ್ನು ಮಡಿಲಿಗೆಳೆದುಕೊಂಡರು. "ನಾಳೆ ಡಾಕ್ಟರಮ್ಮನಿಗೆ ಫೋನ್ ಮಾಡೋಣ. ಈಗ ನನ್ನ ಜೊತೆ ನಾಲ್ಕು ತುತ್ತು ತಿನ್ನು. ನಾನೂ ತಿಂದಿಲ್ಲ."

ನಾಲ್ಕೇ ತುತ್ತು, ಎಣಿಸಿ ತಿಂದಳು.

ಮರುದಿನ ಬೀಗದಜ್ಜ ಕೆಲಸಕ್ಕೆ ಬಂದರು. ಅವಳ ಮುಖ ನೋಡಿದ್ದೇ ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಕುಕ್ಕಿದರು.

"ಎಲ್ಲಿ ನಮ್ಮ ಅಂಟಿನ ಹುಡುಗ?"

ಅವಳು ನಡೆದದ್ದನ್ನೆಲ್ಲ ಹೇಳಿದಳು, ಒಂದಕ್ಷರ ಬಿಡದೆ. ಅಜ್ಜ ಹಣೆ ಚಚ್ಚಿಕೊಂಡರು.

"ಗೊತ್ತಿಲ್ಲ ಅಂದ್ಯಾ?"

"ಗೊತ್ತಿರಲಿಲ್ಲ."

"ಸರಿ. ನಾವು ಚೀಟಿ ಮೇಲೆ 'ಹೆಸರು: ಗೊತ್ತಿಲ್ಲ' ಅಂತ ಬರೀತೀವಲ್ಲ, ಹಾಗಂದ್ರೆ ಸಾಮಾನೇ ಇಲ್ಲ ಅಂತಾನಾ?"

"ಅಲ್ಲ. ಸಾಮಾನು ಇದೆ. ಹೆಸರು ಮಾತ್ರ ಗೊತ್ತಿಲ್ಲ."

"ಇದನ್ನ ಅವನಿಗೆ ಹೇಳಿದ್ಯಾ?"

ಅವಳ ಬಾಯಿ ತೆರೆದುಕೊಂಡಿತು. "ಇಲ್ಲ... ಅವರು ನನ್ನ ಚೀಟಿ ಓದಿದ್ದಾರಲ್ಲ. ಅವರಿಗೆ ಗೊತ್ತಿರುತ್ತೆ ಅಂದ್ಕೊಂಡೆ."

"ಜನ ನಮ್ಮ ರಿಜಿಸ್ಟರ್ ಭಾಷೆಯಲ್ಲಿ ಮಾತಾಡಲ್ಲ ಮಗಳೇ! ಹೆಸರು ಗೊತ್ತಿಲ್ಲದ ಸಾಮಾನು ಸಿಕ್ಕರೆ ಏನು ಮಾಡ್ತೀವಿ, ಎಸೀತೀವಾ?"

"ಸಿಕ್ಕ ಜಾಗ, ಹೊತ್ತು, ಗುರುತು ಬರೆದಿಡ್ತೀವಿ."

"ಮತ್ತೆ?" ಎಂದು ಅಜ್ಜ ಚೀಟಿಗಳ ಕಟ್ಟನ್ನು ಅವಳ ಕಡೆ ದೂಡಿದರು.

ಅವಳು ಬರೆಯಲು ಕೂತಳು. ಒಂದು ಗಂಟೆ ಹೊಡೆಯಿತು, ಅಜ್ಜ ಎದುರಿಗೆ ಬಂದು ಕೂತರು, ಅರ್ಧ ಡಬ್ಬಿ ತಿಂದು ಮತ್ತೆ ಬರೆದಳು. ಮೂರೂವರೆಗೆ ಏಳು ಚೀಟಿಗಳಾದವು. ಸಾಲಾಗಿ ಜೋಡಿಸಿ ನೋಡಿದಳು. ಜಾಗ ಬೇರೆ ಬೇರೆ, ಹೊತ್ತು ಬೇರೆ ಬೇರೆ. ಗುರುತಿನ ಸಾಲಿನಲ್ಲಿ ಮಾತ್ರ ಏಳಕ್ಕೆ ಏಳರಲ್ಲೂ ಅವನೇ!

ಅವಳು ಮೇಜಿನ ಕೆಳಗಿದ್ದ ಡಬ್ಬದಿಂದ ಹೊಸ ಬೂಟು ತೆಗೆದು ಮೊದಲ ಸಲ ಹಾಕಿಕೊಂಡಳು.

"ಅಜ್ಜಾ, ಇವತ್ತು ಉಳಿದ ಹೊತ್ತು ರಜೆ."

"ಓಡು!" ಎಂದರು ಅಜ್ಜ.

ಅವನು ಮೊಣಕಾಲ ಮಧ್ಯೆ ಬೂಟಿಟ್ಟುಕೊಂಡು ಹೊಲಿಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಗಡ್ಡ ಬೆಳೆದಿತ್ತು. ಗೋಡೆಯಲ್ಲಿ ಅಮ್ಮನ ಕಾಲಿನ ಪಕ್ಕ ಅವಳ ಅಚ್ಚುಗಳು ಹಾಗೇ ಇದ್ದವು. ಈಗ ಅವಕ್ಕೊಂದು ಚೀಟಿ ಕಟ್ಟಿತ್ತು, ಅವನ ಸೊಟ್ಟ ಅಕ್ಷರದಲ್ಲಿ.

*ಪಾದ, ಒಂದು ಜೊತೆ. ವಾರಸುದಾರರು: ಬರಲಿಲ್ಲ.*

ಅವಳ ಗಂಟಲು ಕಟ್ಟಿತು. *ಎಂಟನೇ ಚೀಟಿ* ಎಂದುಕೊಂಡಳು. ಕೈಯಲ್ಲಿದ್ದ ಏಳನ್ನೂ ಅವನ ಮುಂದೆ ಹಿಡಿದಳು.

"ಇವನ್ನ ಓದಿ. ಎಲ್ಲ ಒಂದೇ ಸಾಮಾನು ಅನ್ಸುತ್ತೆ. ವಾರಸುದಾರರು ನೀವೇನಾ ಅಂತ ಹೇಳಿ."

ಅವನು ಒಂದೊಂದಾಗಿ ಓದಿದ.

*ಹೆಸರು: ಗೊತ್ತಿಲ್ಲ. ಸಿಕ್ಕ ಜಾಗ: ಪಕ್ಕೆಲುಬಿನ ಕೆಳಗೆ. ಹೊತ್ತು: ನಾಲ್ಕೂ ಕಾಲು. ಗುರುತು: ಬಾಗಿಲು ಕಿರ್ ಎಂದಾಗ ಮೇಲೆದ್ದಿತು. ಬಂದವರು ಕೊಡೆ ಕೇಳುವವರು ಎಂದು ತಿಳಿದಾಗ ಕೆಳಗಿಳಿದು ಹೊಟ್ಟೆಯಲ್ಲಿ ಕೂತಿತು.*

*ಹೆಸರು: ಗೊತ್ತಿಲ್ಲ. ಸಿಕ್ಕ ಜಾಗ: ಮೂಗು, ಆಮೇಲೆ ಕಣ್ಣು. ಹೊತ್ತು: ಬೆಳಗ್ಗೆ ಎಂಟು. ಗುರುತು: ಬೂಟಿನ ಡಬ್ಬ ತೆರೆದಾಗ ಮೇಣದ ವಾಸನೆ ಬಂತು. ಕಣ್ಣಲ್ಲಿ ನೀರು. ಧೂಳು ಇರಲಿಲ್ಲ.*

*ಹೆಸರು: ಗೊತ್ತಿಲ್ಲ. ಸಿಕ್ಕ ಜಾಗ: ಎರಡೂ ಕಿವಿ, ಮೊಣಕಾಲು, ಎದೆ. ಹೊತ್ತು: ಶನಿವಾರ ಸಂಜೆ. ಗುರುತು: ಏನನಿಸುತ್ತೆ ಎಂದು ಅವರು ಕೇಳಿದಾಗ. ಇಷ್ಟು ದೊಡ್ಡದು ಹಿಂದೆಂದೂ ಸಿಕ್ಕಿರಲಿಲ್ಲ.*

ಅವನು ಏಳನೆಯದನ್ನೂ ಓದಿ ಮುಗಿಸಿದಾಗ ಅವಳು ಹೇಳಿದಳು.

"ಗೊತ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ. ಇದೆ, ಹೆಸರು ಗೊತ್ತಿಲ್ಲ ಅಂತ. ಅವತ್ತೇ ಬಿಡಿಸಿ ಹೇಳಬೇಕಿತ್ತು. ನಿಮಗೆ ಇದರ ಹೆಸರು ಗೊತ್ತಾ?"

"ಗೊತ್ತು... ಆದ್ರೆ ನಾನೇ ಹೇಳಿದ್ರೆ ನನಗೆ ಬೇಕಾದ ಹಾಗೆ ಹೇಳಿದ ಹಾಗಾಗುತ್ತೆ ಚೀಟಿ."

"ಹಾಗಾದ್ರೆ ನಿಮ್ಮದರ ಗುರುತು ಹೇಳಿ."

ಅವನು ಕಣ್ಣೊರೆಸಿಕೊಂಡ. "ನನ್ನದೂ ಪಕ್ಕೆಲುಬಿನ ಕೆಳಗೇ. ಹೊತ್ತು ನಾಲ್ಕೂ ಕಾಲೇ. ಹತ್ತು ದಿನದಿಂದ ಆ ಹೊತ್ತಿಗೆ ಕೈ ಕೆಲಸ ಬಿಟ್ಟು ಕೂತ್ಕೊಳ್ತೀನಿ. ಒಣಗಬೇಕಾದ ಅಂಟು ಯಾವತ್ತೂ ಇರಲಿಲ್ಲ, ಎಲ್ಲ ಸುಳ್ಳು. ನಾನು ಅದನ್ನ ಪ್ರೀತಿ ಅಂತೀನಿ."

ಅವಳು ಒಂದೊಂದೇ ಗುರುತನ್ನು ಮನಸ್ಸಿನಲ್ಲೇ ತಾಳೆ ನೋಡಿದಳು. ಅವಸರ ಮಾಡಲಿಲ್ಲ. ಅವನೂ ಉಸಿರು ಬಿಗಿ ಹಿಡಿದು ಕಾದ.

ನಂತರ ಪೆನ್ನು ತೆಗೆದು, ಏಳನೇ ಚೀಟಿಯ ಮೇಲೆ 'ಗೊತ್ತಿಲ್ಲ' ಎಂಬುದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ದುಂಡಗೆ 'ಪ್ರೀತಿ' ಎಂದು ಬರೆದಳು. ಗೋಡೆಯ ಬಳಿ ಹೋಗಿ, ಅಚ್ಚಿನ ಚೀಟಿಯಲ್ಲಿ 'ಬರಲಿಲ್ಲ' ಎನ್ನುವುದನ್ನೂ ಹೊಡೆದು ಹಾಕಿ, ಅಲ್ಲಿ ತನ್ನ ಸಹಿ ಹಾಕಿದಳು.

ಅವನು ಅತ್ತುಬಿಟ್ಟ!

ಆ ಏಳು ಚೀಟಿಗಳು ಇಂದಿಗೂ ಆ ಅಂಗಡಿಯ ಮೇಜಿನ ಖಾನೆಯಲ್ಲಿವೆ, ಅಂಚು ಹಳದಿಯಾಗಿದೆ. ಅವಳು ಇಂದಿಗೂ ಗಡಿಯಾರ ನೋಡಿಯೇ ಉಣ್ಣುತ್ತಾಳೆ. ಕೆಲವು ದಿನ ಅದೂ ಕಷ್ಟವಾಗುತ್ತದೆ, ಆಗ ಡಾಕ್ಟರಮ್ಮನ ಬಳಿ ಹೋಗಿ ಬರುತ್ತಾರೆ, ಇಬ್ಬರೂ. ಬೀಗದಜ್ಜ ಈಗಿಲ್ಲ, ಅವರ ಬೀಗದ ಕೈಗೊಂಚಲು ಅದೇ ಅಂಗಡಿಯ ಗೋಡೆಯ ಮೇಲೆ ತೂಗುತ್ತಿದೆ.

ಆದರೆ ಆ ದಿನ, ಆ ಹೊತ್ತಿಗೆ, ಮೇಣದ ವಾಸನೆಯ ಆ ಪುಟ್ಟ ಅಂಗಡಿಯಲ್ಲಿ ಅವನು ಕಣ್ಣೊರೆಸಿಕೊಂಡು ಮೊದಲು ಕೇಳಿದ್ದು...

"ಒಂದು ಗಂಟೆ ಹೊಡೀತಾ?"

"ಹೊಡೀತು. ಅರ್ಧ ಉಳಿದಿದೆ, ಚೀಲದಲ್ಲೇ ಇದೆ."

"ನನ್ನ ಡಬ್ಬೀಲೂ ಅರ್ಧ ಉಳಿದಿದೆ. ಒಟ್ಟಿಗೆ ಮುಗಿಸೋಣ." ಅವನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಮೊದಲ ದಿನದಂತೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಹೊಸ ಬೂಟನ್ನು ನೋಡಿದ, ಆಮೇಲೆ ಅವಳ ಮುಖವನ್ನು.

"ಎಲ್ಲಿ ಒತ್ತುತ್ತೆ, ಚೀಟಿ?"

ಅವಳು ಕಾಲನ್ನು ತೋರಿಸಲಿಲ್ಲ. ಅವನ ಕೈ ಹಿಡಿದು, ತನ್ನ ಪಕ್ಕೆಲುಬಿನ ಕೆಳಗೆ ಇಟ್ಟುಕೊಂಡಳು.

"ಇಲ್ಲಿ."

"ತುಂಬಾ ಬಿಗಿನಾ? ಸಡಿಲ ಮಾಡ್ಲಾ?"

"ಬೇಡ..." ಅವಳು ಮೊದಲ ಬಾರಿಗೆ ನಕ್ಕಳು. "ಸರಿಯಾಗಿದೆ. ಹೀಗೇ ಇರ್ಲಿ."